ಒದ್ದೆ ನೆಲದ ಲೆಕ್ಕ: ಜಾರುವಿಕೆಯನ್ನು ಅಳೆಯುವ ಬಗೆ

(ಕಲಬುರಗಿಯಲ್ಲಿ ಕಟ್ಟಡ ಎಂಜಿನಿಯರುಗಳು, ಗುತ್ತಿಗೆದಾರರು, ಫರಸಿ ವ್ಯಾಪಾರಿಗಳು, ಆಸ್ಪತ್ರೆ ಮತ್ತು ದೇವಸ್ಥಾನಗಳ ನಿರ್ವಹಣೆ ನೋಡಿಕೊಳ್ಳುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ನೆಲ ಹಾಕಿಸುವಾಗ ಎಲ್ಲರೂ ಕೇಳುವ ಪ್ರಶ್ನೆ ಮೂರು: ಚದರ ಅಡಿಗೆ ಎಷ್ಟು, ಬಣ್ಣ ಯಾವುದು, ಹೊಳಪು ಎಷ್ಟು ದಿನ ಇರುತ್ತದೆ. ನೀರು ಬಿದ್ದಾಗ ಈ ನೆಲ ಕಾಲು ಹಿಡಿಯುತ್ತದೆಯೇ ಎಂದು ಕೇಳುವವರು ಬಹಳ ಕಡಿಮೆ. ಕೇಳಿದರೂ ಬರುವ ಉತ್ತರ ‘ಇದು ಆಂಟಿ-ಸ್ಕಿಡ್ ಸರ್’ ಎಂಬ ಒಂದು ಮಾತು. ಆ ಮಾತಿಗೆ ಅಳತೆ ಇಲ್ಲ. ಸಿಮೆಂಟಿಗೆ ಗ್ರೇಡ್ ಕೇಳುತ್ತೇವೆ, ಸರಳಿಗೆ ಗ್ರೇಡ್ ಕೇಳುತ್ತೇವೆ, ಕಾಂಕ್ರೀಟಿನ ಘನ ಮಾಡಿ 28 ದಿನಕ್ಕೆ ಒಡೆದು ನೋಡುತ್ತೇವೆ. ದಿನವೂ ಸಾವಿರ ಜನ ತುಳಿಯುವ ನೆಲಕ್ಕೆ ಮಾತ್ರ ಬಾಯಿಮಾತು ಸಾಕು ಎನ್ನುವ ಸ್ಥಿತಿ ಇದೆ.

ಬಿದ್ದು ಸಾಯುವುದು ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬೀಳುವುದರಿಂದಲೇ ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೆ. ಇವರಲ್ಲಿ 80 ಪ್ರತಿಶತಕ್ಕೂ ಹೆಚ್ಚು ಜನ ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳವರು. ಇದರಲ್ಲಿ ಮೇಲಿಂದ ಬೀಳುವುದೂ ಸೇರಿದೆ ನಿಜ. ಆದರೆ ಬಚ್ಚಲಲ್ಲಿ, ಪಾವಟಿಗೆಯ ಮೇಲೆ, ಆಸ್ಪತ್ರೆಯ ಪಡಸಾಲೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಹಿರಿಯರು ಯಾವ ಓಣಿಯಲ್ಲಿ ಇಲ್ಲ? ಮುರಿದ ಮೇಲೆ ಹಾಸಿಗೆ ಹಿಡಿಯುತ್ತಾರೆ, ಆಮೇಲೆ ಶ್ವಾಸಕೋಶದ ಸೋಂಕು, ಬೆನ್ನ ಹುಣ್ಣು. ನೆಲಕ್ಕೆ ನಾಲ್ಕು ತಾಸು ಕೊಟ್ಟು ಅಳೆದಿದ್ದರೆ ಇವುಗಳಲ್ಲಿ ಹಲವನ್ನು ತಡೆಯಬಹುದಿತ್ತು.

ಮೊದಲು ಜಾರುವುದು ಏಕೆ ಎಂಬುದನ್ನು ನೋಡೋಣ. ನಡೆಯುವಾಗ ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ. ಆ ಕ್ಷಣದಲ್ಲಿ ಅದು ಕೆಳಗೂ ಮುಂದಕ್ಕೂ ಒತ್ತುತ್ತಿರುತ್ತದೆ. ನೆಲ ಒಣಗಿದ್ದರೆ ಹಿಮ್ಮಡಿ ನೇರ ಕಲ್ಲನ್ನೇ ಮುಟ್ಟುತ್ತದೆ. ಒದ್ದೆಯಾಗಿದ್ದರೆ ನಡುವೆ ನೀರಿನ ತೆಳು ಪದರ ಇರುತ್ತದೆ. ಹಿಮ್ಮಡಿ ಊರುವ ಆ ಸೆಕೆಂಡಿನ ಸಣ್ಣ ಪಾಲಿನಲ್ಲಿ ನೀರು ಪಕ್ಕಕ್ಕೆ ಸರಿದು ಹೋಗಬೇಕು. ಸರಿಯಲು ದಾರಿ ಇಲ್ಲದಿದ್ದರೆ ಕಾಲು ನೀರಿನ ಮೇಲೆಯೇ ತೇಲುತ್ತದೆ. ಕಲ್ಲಿನ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ, ಚೂಪಾದ ಏರುತಗ್ಗುಗಳಿದ್ದರೆ ಏರುಗಳು ಪದರವನ್ನು ಸೀಳಿ ಚಪ್ಪಲಿಯನ್ನು ಮುಟ್ಟುತ್ತವೆ, ನೀರು ತಗ್ಗುಗಳಲ್ಲಿ ಇಳಿದು ನಿಲ್ಲುತ್ತದೆ. ಈ ಏರುತಗ್ಗಿನ ಎತ್ತರ ಮಿಲಿಮೀಟರಿನ ನೂರನೇ ಭಾಗದಷ್ಟು. ಇಡೀ ವಿಷಯ ನಿಂತಿರುವುದು ಅಷ್ಟರ ಮೇಲೆ.

ದ್ರವ ದಪ್ಪಗಾದಂತೆ ಹೆಚ್ಚು ಎತ್ತರದ ಏರುಗಳು ಬೇಕು. ಬರಿ ನೀರಿಗೆ 20 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸಾಕಾದರೆ ಸಾಬೂನು ನೀರು ಅಥವಾ ಹಾಲಿಗೆ 45, ಅಡುಗೆಯ ಸಾರಿನಂಥದ್ದಕ್ಕೆ 60, ಎಣ್ಣೆಗೆ 70 ಮೈಕ್ರಾನ್ ಬೇಕು. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತೆ ಇಲಾಖೆ ಹೇಳುವ ಅಂಕಿಗಳಿವು. ಗರ್ಭಗುಡಿಯ ಮುಂದಿನ ನೆಲವನ್ನು ಈಗ ನೆನಪಿಸಿಕೊಳ್ಳಿ. ಅಲ್ಲಿ ತೆಂಗಿನಕಾಯಿ ನೀರು ಇದೆ, ಅಭಿಷೇಕದ ಹಾಲು ಇದೆ, ದೀಪದ ಎಣ್ಣೆ ಇದೆ, ಭಕ್ತರು ಬರಿಗಾಲಲ್ಲಿ ಇದ್ದಾರೆ, ನೂಕುನುಗ್ಗಲೂ ಇದೆ. ನೀರಿಗೆಂದು ಆರಿಸಿದ ಕಲ್ಲು ಅಲ್ಲಿ ಸಾಲುವುದಿಲ್ಲ.

ನಮ್ಮ ಭಾಗದ ಇನ್ನೊಂದು ದ್ರವವನ್ನು ಹೊರಗಿನ ಯಾವ ಕೋಷ್ಟಕವೂ ಹೇಳುವುದಿಲ್ಲ. ಅದು ಎರೆ ಮಣ್ಣಿನ ಕೆಸರು. ಕಲಬುರಗಿ, ಯಾದಗಿರಿಯ ಕಪ್ಪು ಮಣ್ಣಿನಲ್ಲಿ ನೀರು ಹೀರಿ ಉಬ್ಬುವ ಜೇಡಿ ಅಂಶ ಹೆಚ್ಚು. ಮಳೆಗಾಲದಲ್ಲಿ ಅದು ಚಪ್ಪಲಿಗೆ ಅಂಟಿ ಬಸ್ ನಿಲ್ದಾಣ, ತಹಶೀಲ್ದಾರ್ ಕಚೇರಿ, ಬ್ಯಾಂಕುಗಳ ಒಳಗೆ ಬರುತ್ತದೆ. ಬಂದದ್ದು ಅರ್ಧ ಒಣಗಿ ಕಲ್ಲಿನ ತಗ್ಗುಗಳಲ್ಲಿ ತುಂಬಿ ಕೂರುತ್ತದೆ. ಮೇಲೆ ಮತ್ತೆ ನೀರು ಬಿದ್ದರೆ ಕಲ್ಲು ಒರಟಾಗಿದ್ದೂ ಇಲ್ಲದಂತೆ. ಆದ್ದರಿಂದ ನಮ್ಮಲ್ಲಿ ಪರೀಕ್ಷೆಯನ್ನು ಎರಡು ಸಲ ಮಾಡಬೇಕು, ತೊಳೆದ ನೆಲದ ಮೇಲೆ ಒಮ್ಮೆ, ಇದ್ದ ಸ್ಥಿತಿಯಲ್ಲೇ ಒಮ್ಮೆ.

ಇನ್ನು ಕಲ್ಲಿನ ವಿಷಯ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯ ಗಣಿಗಳಿಂದ ಬರುವ ಫರಸಿ ಭೀಮಾ ಕಣಿವೆಯ ಪುರಾತನ ಸುಣ್ಣದಕಲ್ಲು. ಪದರ ಪದರವಾಗಿ ಕೂತ ಕಲ್ಲಾದ್ದರಿಂದ ಅದು ಹಲಗೆಯಂತೆ ತಾನಾಗಿಯೇ ಸೀಳುತ್ತದೆ. ಹಾಗೆ ಸೀಳಿದ ಮೈ ಒದ್ದೆಯಲ್ಲೂ ಕಾಲು ಹಿಡಿಯುತ್ತದೆ. ನಮ್ಮ ಹಳೇ ಮನೆಗಳ ಅಂಗಳ, ಬಚ್ಚಲಿಗೆ ಹಾಕುತ್ತಿದ್ದದ್ದು ಅದನ್ನೇ. ಅದೇ ಕಲ್ಲನ್ನು ಯಂತ್ರಕ್ಕೆ ಕೊಟ್ಟು ಕನ್ನಡಿಯಂತೆ ಪಾಲಿಷ್ ಮಾಡಿಸಿ, ಆಕ್ಸಾಲಿಕ್ ಪುಡಿ ಹಾಕಿ ತಿಕ್ಕಿಸಿ, ಅದರ ಅತ್ಯುತ್ತಮ ಗುಣವನ್ನು ತೆಗೆದುಹಾಕಲು ನಾವು ಹೆಚ್ಚಿನ ದುಡ್ಡು ಕೊಡುತ್ತೇವೆ. ಇದು ನಮಗೆ ನಿಜಕ್ಕೂ ನೋವಿನ ಸಂಗತಿ. ಒಳಗಿನ ಒಣ ಕೋಣೆಗೆ ಪಾಲಿಷ್ ಇರಲಿ, ತಕರಾರಿಲ್ಲ. ಬಾಗಿಲ ಹೊರಗೆ, ನಲ್ಲಿಯ ಹತ್ತಿರ, ಪಾವಟಿಗೆಗೆ ಬೇಡ.

ಸೀಳಿದ ಮೈಯ ಫರಸಿಯೂ ಶಾಶ್ವತವಲ್ಲ ಎಂಬುದನ್ನೂ ಹೇಳಬೇಕು. ಸುಣ್ಣದಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್. ಮೋಸ್ ಗಡಸುತನದ ಅಳತೆಯಲ್ಲಿ ಅದು 3. ಚಪ್ಪಲಿಗೆ ಅಂಟಿ ಬರುವ ಉಸುಕಿನ ಕ್ವಾರ್ಟ್ಜ್ 7. ಜನ ನಡೆದಾಡಿದಂತೆಲ್ಲ ಉಸುಕು ಕಲ್ಲನ್ನು ತಿಕ್ಕುತ್ತದೆ, ಏರುಗಳು ಸವೆದು ದುಂಡಾಗುತ್ತವೆ. ಬೀಸುಕಲ್ಲು ನುಣುಪಾದರೆ ಜೋಳ ಹಿಟ್ಟಾಗದೆ ಜಾರಿಹೋಗುತ್ತದೆ, ಆಗ ಮತ್ತೆ ಉಳಿ ಹೊಡೆಸುತ್ತೇವೆ. ಜನ ತುಳಿದ ಫರಸಿಗೂ ಅದೇ ಗತಿ, ಅದೇ ಉಪಾಯ. ಒಂದೇ ಪಡಸಾಲೆಯಲ್ಲಿ ಜನ ನಡೆಯುವ ದಾರಿಯ ಕಲ್ಲು ಮತ್ತು ಗೋಡೆ ಬದಿಯ ಕಲ್ಲು ಬೇರೆ ಬೇರೆ ಅಂಕಿ ಕೊಡುವುದು ಇದಕ್ಕೇ.

ಈಗ ಅಳತೆಗೆ ಬರೋಣ. ನಂಬಬಾರದ ವಿಧಾನಗಳನ್ನು ಮೊದಲು ಹೇಳುತ್ತೇವೆ.

ಒಂದು, ಕೈಯಿಂದ ಸವರಿ ನೋಡುವುದು. ಬೆರಳಿಗೆ ಒರಟೆನಿಸುವ ಟೈಲಿನ ಉಬ್ಬುಗಳ ನೆತ್ತಿ ಗಾಜಿನಷ್ಟು ನುಣುಪಾಗಿರಬಹುದು. ಕಾಲು ಊರುವುದು ಆ ನೆತ್ತಿಯ ಮೇಲೆಯೇ. ಎರಡು, ತೂಕ ಕಟ್ಟಿದ ಚಪ್ಪಲಿಯನ್ನು ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡುವುದು. ಒಣ ನೆಲಕ್ಕೆ ಇದು ಒಂದು ಅಂದಾಜು ಕೊಡಬಹುದು. ಒದ್ದೆ ನೆಲಕ್ಕೆ ಇದು ಅಪಾಯಕಾರಿ ಪರೀಕ್ಷೆ, ಏಕೆಂದರೆ ನಿಂತ ತೂಕದ ಕೆಳಗಿನಿಂದ ನೀರು ನಿಧಾನವಾಗಿ ಹೊರಗೆ ಹೋಗಿಬಿಡುತ್ತದೆ, ರಬ್ಬರು ಕಲ್ಲಿಗೆ ಅಂಟಿಕೊಳ್ಳುತ್ತದೆ. ಎಳೆದಾಗ ಅಂಕಿ ಜಾಸ್ತಿ ಬರುತ್ತದೆ. ಅತಿ ಜಾರುವ ನೆಲವೂ ಒಳ್ಳೆಯದು ಎಂದು ಕಾಣಿಸುತ್ತದೆ. ನಡೆಯುವ ಹಿಮ್ಮಡಿ ನೀರಿಗೆ ಅಷ್ಟು ಸಮಯ ಕೊಡುವುದಿಲ್ಲ.

ಮೂರು, ಪೆಟ್ಟಿಗೆಯ ಮೇಲಿನ ‘ಆರ್9’ ಗುರುತು. ಇದು ಜರ್ಮನಿಯ ಡಿಐಎನ್ 51130 ಪರೀಕ್ಷೆಯಿಂದ ಬಂದದ್ದು. ಪ್ರಯೋಗಾಲಯದಲ್ಲಿ ಟೈಲು ಹಾಸಿದ ಇಳಿಜಾರಿಗೆ ಎಣ್ಣೆ ಸವರಿ, ಹಗ್ಗದ ರಕ್ಷಣೆ ಕಟ್ಟಿಕೊಂಡ ವ್ಯಕ್ತಿ ಬೂಟು ಹಾಕಿ ನಡೆಯುತ್ತಾನೆ. ಇಳಿಜಾರನ್ನು ನಿಧಾನವಾಗಿ ಏರಿಸುತ್ತಾ ಹೋಗಿ, ಅವನು ಜಾರುವ ಕೋನ ಗುರುತಿಸುತ್ತಾರೆ. 6ರಿಂದ 10 ಡಿಗ್ರಿ ಆದರೆ ಆರ್9, 10ರಿಂದ 19 ಆರ್10, 19ರಿಂದ 27 ಆರ್11, 27ರಿಂದ 35 ಆರ್12, ಅದಕ್ಕೂ ಮೇಲೆ ಆರ್13. ಅಂದರೆ 9 ಎಂಬುದು ಹತ್ತಕ್ಕೆ ಒಂಬತ್ತು ಅಂಕವಲ್ಲ. ಆ ಸಾಲಿನಲ್ಲಿ ಅದೇ ಎಲ್ಲಕ್ಕಿಂತ ಕೆಳಗಿನ ದರ್ಜೆ. ಬಚ್ಚಲಿಗೆ ಆರ್9 ಟೈಲು ಹಾಕಿಸಿ ನೆಮ್ಮದಿಯಾಗಿರುವವರು ದಯವಿಟ್ಟು ಇದನ್ನು ಗಮನಿಸಬೇಕು. ಬರಿಗಾಲಿನ ಜಾಗಗಳಿಗೆ ಡಿಐಎನ್ 51097 ಎಂಬ ಬೇರೆ ಪರೀಕ್ಷೆ ಇದೆ. ಅದರಲ್ಲಿ ಸಾಬೂನು ನೀರು ಹರಿಸಿ ಬರಿಗಾಲಲ್ಲೇ ನಡೆಯುತ್ತಾರೆ. 12 ಡಿಗ್ರಿಗೆ ಎ, 18ಕ್ಕೆ ಬಿ, 24ಕ್ಕೆ ಸಿ ದರ್ಜೆ. ಬಚ್ಚಲಿಗೆ, ಸ್ನಾನದ ಕಟ್ಟೆಗೆ ಕೇಳಬೇಕಾದದ್ದು ಬಿ ಅಥವಾ ಸಿ. ಈ ಎರಡೂ ಹೊಸ ಟೈಲಿನ ಪರೀಕ್ಷೆಗಳು ಎಂಬುದು ನೆನಪಿರಲಿ. ಹಾಸಿ ಮುಗಿದ ನೆಲವನ್ನು ಎತ್ತಿಕೊಂಡು ಹೋಗಿ ಇಳಿಜಾರಿಗೆ ಇಡಲಾಗುವುದಿಲ್ಲ.

ಹಾಸಿದ ನೆಲವನ್ನು ಇದ್ದಲ್ಲೇ ಅಳೆಯಲು ನಾವು ನಂಬುವ ಸಾಧನ ಪೆಂಡುಲಂ, ಅಂದರೆ ಲೋಲಕ. 1940ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಪರ್ಸಿ ಸಿಗ್ಲರ್ ಸರ್ಕಾರಿ ಕಟ್ಟಡಗಳ ನೆಲ ಪರೀಕ್ಷಿಸಲು ಇದನ್ನು ರೂಪಿಸಿದರು. ಆಮೇಲೆ ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯ ರಸ್ತೆಗಳಿಗಾಗಿ ತಿದ್ದಿಕೊಂಡಿತು. ಇವತ್ತು ಯುರೋಪಿನ ಇಎನ್ 16165 ಮಾನಕದಲ್ಲಿ ಇಳಿಜಾರು ಪರೀಕ್ಷೆಗಳ ಜೊತೆ ಇದೂ ಇದೆ. ರಸ್ತೆ ಪರೀಕ್ಷಿಸುವ ಎಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ‘ಸ್ಕಿಡ್ ರೆಸಿಸ್ಟೆನ್ಸ್ ಟೆಸ್ಟರ್’ ಎಂಬ ಹೆಸರಿನಲ್ಲಿ ಇರುವುದು ಇದೇ ಯಂತ್ರ. ಹೊಸದು ಕೊಳ್ಳುವ ಮೊದಲು ಅಲ್ಲಿ ವಿಚಾರಿಸಿ. ಆದರೆ ನೆಲಕ್ಕೆ ಬೇಕಾದ ರಬ್ಬರು ಬೇರೆ, ಅದನ್ನು ಮಾತ್ರ ತರಿಸಿಕೊಳ್ಳಬೇಕಾಗಬಹುದು.

ಯಂತ್ರದ ಕೆಲಸ ಸರಳ. ಮಟ್ಟದ ತಿರುಪುಗಳಿರುವ ಪೀಠ, ಅದರ ಮೇಲೆ ಕಂಬ, ಕಂಬದ ತಲೆಗೆ ತೂಗುವ ತೋಳು. ತೋಳಿನ ತುದಿಯಲ್ಲಿ ಸ್ಪ್ರಿಂಗ್ ಒತ್ತಡದಲ್ಲಿ ಕೂತ ರಬ್ಬರು ತುಂಡು, ಅಗಲ 76 ಮಿಲಿಮೀಟರ್. ತೋಳನ್ನು ಅಡ್ಡಲಾಗಿ ಹಿಡಿದು ಬಿಟ್ಟರೆ ಅದು ಕೆಳಗೆ ಬೀಸಿ, ರಬ್ಬರಿನ ಅಂಚು ನೆಲವನ್ನು ಸವರಿ, ಆಚೆ ಬದಿಗೆ ಏರುತ್ತದೆ. ನೆಲ ಹಿಡಿದಷ್ಟೂ ತೋಳು ಶಕ್ತಿ ಕಳೆದುಕೊಳ್ಳುತ್ತದೆ, ಕಡಿಮೆ ಏರುತ್ತದೆ. ಎಲ್ಲಿಯವರೆಗೆ ಏರಿತು ಎಂಬುದನ್ನು ಮುಳ್ಳು ಹಿಡಿದು ತೋರಿಸುತ್ತದೆ. ಆ ಅಂಕಿಯೇ ಪಿಟಿವಿ, ಪೆಂಡುಲಂ ಟೆಸ್ಟ್ ವ್ಯಾಲ್ಯೂ. ಸವರುವ ವೇಗವೂ ಕೋನವೂ ಹಿಮ್ಮಡಿ ಜಾರುವ ಬಗೆಗೆ ಹತ್ತಿರವಾಗಿರುವುದರಿಂದ ನೀರಿನ ಪದರ ಇಲ್ಲಿ ನಿಜವಾಗಿಯೂ ಮೂಡುತ್ತದೆ.

ರಬ್ಬರಿನಲ್ಲಿ ಎರಡು ಜಾತಿ. ಗಟ್ಟಿಯಾದದ್ದು ಸ್ಲೈಡರ್ 96, ಸಾಮಾನ್ಯ ಪಾದರಕ್ಷೆಯ ಅಟ್ಟೆಗೆ ಪ್ರತಿನಿಧಿ. ಮೆತ್ತಗಿನದು ಸ್ಲೈಡರ್ 55, ಬರಿಗಾಲಿನ ಜಾಗಗಳಿಗೆ. ಗುಡಿ, ದರ್ಗಾ, ಗುರುದ್ವಾರ, ಬಚ್ಚಲಿಗೆ 55. ಆಸ್ಪತ್ರೆ, ಕಚೇರಿ, ನಿಲ್ದಾಣಕ್ಕೆ 96. ಚಪ್ಪಲಿಯೂ ಬರಿಗಾಲೂ ಎರಡೂ ಓಡಾಡುವ ಜಾಗವಿದ್ದರೆ ಎರಡರಿಂದಲೂ ಅಳೆದು ಕಡಿಮೆ ಬಂದದ್ದನ್ನು ಹಿಡಿಯಿರಿ.

ಕೆಲಸದ ಕ್ರಮ ಹೀಗೆ. ಮೊದಲು ರಬ್ಬರನ್ನು ಹದ ಮಾಡಬೇಕು. ಹೊಸ ರಬ್ಬರಿನ ಅಂಚನ್ನು ಪಿ400 ಮರಳು ಕಾಗದದ ಮೇಲೆ ಬೀಸಿ ಸಮ ಮಾಡಿ, ನಂತರ ಲ್ಯಾಪಿಂಗ್ ಫಿಲ್ಮ್ ಎಂಬ ಅತಿ ನುಣುಪಿನ ಗುಲಾಬಿ ಬಣ್ಣದ ಉಜ್ಜುವ ಹಾಳೆಯ ಮೇಲೆ ನೀರು ಹಾಕಿ 20 ಸಲ ಬೀಸುತ್ತಾರೆ. ಈ ಎರಡನೇ ಹಂತ ಬಿಟ್ಟರೆ ರಬ್ಬರು ಒರಟಾಗಿಯೇ ಉಳಿದು ನುಣುಪು ನೆಲಕ್ಕೂ ಹೆಚ್ಚು ಅಂಕಿ ಕೊಡುತ್ತದೆ. ವರದಿ ಸುಳ್ಳಾಗುವ ಅತಿ ಸಾಮಾನ್ಯ ದಾರಿ ಇದು. ನಂತರ ಪೀಠವನ್ನು ಮಟ್ಟ ಮಾಡಿ, ರಬ್ಬರು ನೆಲ ಮುಟ್ಟದಂತೆ ತಲೆಯನ್ನು ಮೇಲಕ್ಕೆತ್ತಿ ಖಾಲಿ ಬೀಸಿ. ಮುಳ್ಳು ಸರಿಯಾಗಿ ಸೊನ್ನೆಗೆ ಬರಬೇಕು. ಬರದಿದ್ದರೆ ಘರ್ಷಣೆಯ ಉಂಗುರ ತಿರುಗಿಸಿ ಸರಿಮಾಡಿ. ಕಂಬದ ತಲೆಯನ್ನು ಇಳಿಸಿ, ರಬ್ಬರು ನೆಲ ಮುಟ್ಟುವ ಜಾಗದಿಂದ ಬಿಡುವ ಜಾಗದವರೆಗೆ 126 ಮಿಲಿಮೀಟರ್ ಬರುವಂತೆ ಹೊಂದಿಸಿ. ಒಂದು ಮಿಲಿಮೀಟರ್ ಆಚೀಚೆ ಇರಬಹುದು. ಉದ್ದ ಜಾಸ್ತಿಯಾದರೆ ಅಂಕಿ ಜಾಸ್ತಿ, ಕಡಿಮೆಯಾದರೆ ಕಡಿಮೆ. ಜಾಗ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಅಳೆಯಬೇಕು, ಯಂತ್ರ ಕದಲಿದರೂ ಅಳೆಯಬೇಕು.

ಇನ್ನು ನೀರು. ಪ್ರತಿ ಬೀಸಿಗೂ ಮುನ್ನ ರಬ್ಬರಿಗೂ ನೆಲಕ್ಕೂ ಧಾರಾಳ ನೀರು ಸಿಂಪಡಿಸಿ. ತೋಳು ಬಿಡಿ, ಆಚೆ ಬದಿಗೆ ಹೋಗಿ ಹಿಂತಿರುಗುವಾಗ ರಬ್ಬರು ನೆಲಕ್ಕೆ ತಾಗುವ ಮೊದಲೇ ಕೈಯಲ್ಲಿ ಹಿಡಿಯಿರಿ. ಹೀಗೆ 8 ಬೀಸು. ಮೊದಲ ಮೂರನ್ನು ಬಿಟ್ಟು ಉಳಿದ ಐದರ ಸರಾಸರಿ ತೆಗೆಯಿರಿ. ಅದೇ ಜಾಗದಲ್ಲಿ ಮೂರು ದಿಕ್ಕಿಗೆ ಅಳೆಯಬೇಕು: ನಡೆಯುವ ದಿಕ್ಕು, ಅದಕ್ಕೆ 45 ಡಿಗ್ರಿ, ಅದಕ್ಕೆ ಅಡ್ಡ. ಯಂತ್ರದಲ್ಲಿ ಕೊಯ್ದ ಕಲ್ಲಿನ ಗೆರೆಗಳು ಒಂದೇ ದಿಕ್ಕಿಗೆ ಇರುತ್ತವೆ, ಗೆರೆಯ ಗುಂಟ ಜಾರಿ ಗೆರೆಗೆ ಅಡ್ಡ ಹಿಡಿಯಬಹುದು. ಮೂರರಲ್ಲಿ ಕಡಿಮೆ ಅಂಕಿಯೇ ಆ ಜಾಗದ ಅಂಕಿ. ದಿನದ ಕೆಲಸ ಶುರುವಾಗುವ ಮುಂಚೆಯೂ ಮುಗಿದ ಮೇಲೂ ಸಾಮಾನ್ಯ ಫ್ಲೋಟ್ ಗಾಜಿನ ಮೇಲೆ ಸ್ಲೈಡರ್ 96ರಿಂದ ಒದ್ದೆ ಬೀಸು ತೆಗೆಯಿರಿ. 5ರಿಂದ 10ರ ನಡುವೆ ಬಂದರೆ ಯಂತ್ರ, ರಬ್ಬರು ಎರಡೂ ನೆಟ್ಟಗಿವೆ. 15 ಬಂತೆಂದರೆ ಆವತ್ತಿನ ಅಂಕಿಗಳನ್ನೆಲ್ಲ ಬದಿಗಿಡಿ.

ಬಿಸಿಲನ್ನು ಮರೆಯಬೇಡಿ. ಸ್ಥಳದಲ್ಲಿ ಪರೀಕ್ಷೆ ಮಾಡಲು ತಾಪಮಾನ 5ರಿಂದ 40 ಡಿಗ್ರಿಯೊಳಗೆ ಇರಬೇಕೆಂಬ ನಿಯಮವಿದೆ. ನಮ್ಮಲ್ಲಿ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಗಾಳಿಯೇ 40 ದಾಟಿರುತ್ತದೆ, ಬಿಸಿಲಿಗೆ ಬಿದ್ದ ಕಲ್ಲು ಇನ್ನೂ ಮೇಲೆ. ರಬ್ಬರು ಕಾದರೆ ಅದರ ಪುಟಿಯುವ ಗುಣ ಬದಲಾಗಿ ಅಂಕಿ ಕೆಳಗೆ ಸರಿಯುತ್ತದೆ. ಬೇಸಿಗೆಯಲ್ಲಿ ಅಂಗಳ, ಪಾವಟಿಗೆಗಳನ್ನು ಮುಂಜಾನೆ ಎಂಟರೊಳಗೆ ಅಳೆದು ಮುಗಿಸಿ. ಕಲ್ಲಿನ ತಾಪಮಾನವನ್ನು ವರದಿಯಲ್ಲಿ ಬರೆಯಿರಿ.

ಬಂದ ಅಂಕಿಯನ್ನು ಓದುವುದು ಹೀಗೆ. 24ರವರೆಗೆ ಜಾರುವ ಸಂಭವ ಹೆಚ್ಚು, 25ರಿಂದ 35ರವರೆಗೆ ಮಧ್ಯಮ, 36 ಮತ್ತು ಮೇಲೆ ಕಡಿಮೆ. 36 ಎಂಬುದು ಕೈಗೆ ಬಂದ ಅಂಕಿಯಲ್ಲ. ಸಮತಟ್ಟು ನೆಲದಲ್ಲಿ ನೇರ ನಡೆಯುವವರಿಗೆ ಬೇಕಾಗುವ ಘರ್ಷಣೆಯನ್ನು ಅಳೆದು, ಜಾರುವ ಸಂಭವ ಹತ್ತು ಲಕ್ಷಕ್ಕೆ ಒಂದಕ್ಕೆ ಇಳಿಯುವ ಮಟ್ಟ ಎಂದು ಬ್ರಿಟನ್ನಿನಲ್ಲಿ ಹಿಡಿದದ್ದು. ಅದೇ ಲೆಕ್ಕದಲ್ಲಿ 24ಕ್ಕೆ ಬಂದರೆ ಸಂಭವ 20ಕ್ಕೆ ಒಂದು. ಅಂಕಿ 12 ಇಳಿದರೆ ಅಪಾಯ ಹನ್ನೆರಡು ಪಟ್ಟಲ್ಲ, ಸಾವಿರಾರು ಪಟ್ಟು ಏರುತ್ತದೆ. ‘36ರ ಬದಲು 30 ಇದೆ, ಪರವಾಗಿಲ್ಲ ಬಿಡಿ’ ಎನ್ನುವವರು ಇದನ್ನು ಯೋಚಿಸಬೇಕು. ಪಾಲಿಷ್ ಮಾಡಿದ ಕಲ್ಲು ಒಣಗಿದಾಗ 60ರ ಹತ್ತಿರ ಇದ್ದು ಒದ್ದೆಯಾದಾಗ 20ಕ್ಕೂ ಕೆಳಗೆ ಇಳಿಯಬಹುದು. ಒಣ ಅಂಕಿಯನ್ನಷ್ಟೇ ತೋರಿಸುವ ವರದಿಗೆ ಸಹಿ ಹಾಕಬೇಡಿ.

ಇಳಿಜಾರಿಗೆ ಇನ್ನೂ ಹೆಚ್ಚು ಬೇಕು. ಗಾಲಿಕುರ್ಚಿಗೆ ಹಾಕುವ 1:12 ಇಳಿಜಾರಿನಲ್ಲಿ (12 ಅಡಿಗೆ ಒಂದು ಅಡಿ ಏರುವುದು) ಘರ್ಷಣೆ 0.083ರಷ್ಟು ಹೆಚ್ಚು ಬೇಕಾಗುವುದರಿಂದ ಪಿಟಿವಿಗೆ ಸುಮಾರು 8 ಸೇರಿಸಿ 44 ಕೇಳಬೇಕು. ಆಸ್ಪತ್ರೆಯ ರ್‍ಯಾಂಪಿಗೂ ಪಡಸಾಲೆಗೂ ಒಂದೇ ಕಲ್ಲು ಹಾಸುವ ರೂಢಿ ಇಲ್ಲಿ ಸೋಲುತ್ತದೆ.

ಪೆಂಡುಲಂ ಸಿಗದ ಕಡೆ ಕೈಯಲ್ಲಿ ಹಿಡಿಯುವ ಒರಟುತನದ ಮೀಟರು ಉಪಯೋಗಕ್ಕೆ ಬರುತ್ತದೆ. ಸಣ್ಣ ಸೂಜಿ ಕಲ್ಲಿನ ಮೇಲೆ ಹರಿದು ಏರುತಗ್ಗನ್ನು ಅಳೆಯುತ್ತದೆ. ಅದರಲ್ಲಿ ನೋಡಬೇಕಾದದ್ದು ‘ಆರ್‌ಝಡ್’ ಅಂಕಿ. ಅದು ಏರಿನ ನೆತ್ತಿಯಿಂದ ತಗ್ಗಿನ ತಳದವರೆಗಿನ ಎತ್ತರ. ‘ಆರ್ಎ’ ಇಡೀ ಮೈಯ ಸರಾಸರಿಯಾದ್ದರಿಂದ ಎತ್ತರದ ಏರುಗಳು ಅದರಲ್ಲಿ ಮರೆಯಾಗುತ್ತವೆ. ಬರಿ ನೀರಿಗೆ 10 ಮೈಕ್ರಾನಿಗಿಂತ ಕೆಳಗಿದ್ದರೆ ಅಪಾಯ, 10ರಿಂದ 20 ಮಧ್ಯಮ, 20ರ ಮೇಲೆ ಒಳ್ಳೆಯದು. ಒಂದು ಜಾಗದಲ್ಲಿ ಹತ್ತು ಓದು ತೆಗೆದು ಸರಾಸರಿ ಮಾಡಿ. ಉಬ್ಬುಗಳಿರುವ ಟೈಲಿಗೆ, ತೂತು ತೂತಾದ ಬೀದರಿನ ಕೆಂಪು ಮುರಕಲ್ಲಿಗೆ ಈ ಮೀಟರು ಹೊಂದುವುದಿಲ್ಲ. ಫರಸಿ, ಗ್ರಾನೈಟ್, ಸಾದಾ ಟೈಲಿಗೆ ಸರಿ. ವರ್ಷಕ್ಕೊಮ್ಮೆ ಪೆಂಡುಲಂ, ತಿಂಗಳಿಗೊಮ್ಮೆ ಈ ಮೀಟರು ಎಂದು ಇಟ್ಟುಕೊಂಡರೆ ಸವೆತ ಎಲ್ಲಿಗೆ ಬಂತು ಎಂದು ಗೊತ್ತಾಗುತ್ತದೆ.

ಅಮೆರಿಕದ ಟೈಲು ತರಿಸುವವರಿಗೆ ಡಿಸಿಒಎಫ್ (ಜಾರುತ್ತಿರುವಾಗಿನ ಘರ್ಷಣೆಯ ಗುಣಾಂಕ) ಎಂಬ ಇನ್ನೊಂದು ಅಂಕಿ ಸಿಗುತ್ತದೆ. ಒಳಗಿನ ಒದ್ದೆ ನೆಲಕ್ಕೆ 0.42, ಹೊರಗಿನ ಒದ್ದೆ ನೆಲಕ್ಕೆ 0.55 ಎಂಬುದು ಅವರ ಕನಿಷ್ಠ. ಅದನ್ನು ಪಿಟಿವಿಗೆ ಗುಣಿಸಿ ಭಾಗಿಸಿ ಬದಲಿಸಲು ಹೋಗಬೇಡಿ. ರಬ್ಬರು ಬೇರೆ, ವೇಗ ಬೇರೆ.

ಎಲ್ಲಿ ಅಳೆಯಬೇಕೆಂಬುದು ಹೇಗೆ ಅಳೆಯಬೇಕೆಂಬುದರಷ್ಟೇ ಮುಖ್ಯ. ಗಾಣಗಾಪುರದಂಥ ಕಡೆ ಸಂಗಮದಲ್ಲಿ ಮಿಂದ ಭಕ್ತರು ಒದ್ದೆ ಬಟ್ಟೆಯಲ್ಲೇ ನಡೆದು ಬರುತ್ತಾರೆ. ಬೀದರಿನ ನಾನಕ್ ಝೀರಾ, ಝರಣಿ ನರಸಿಂಹದಂಥ ಕ್ಷೇತ್ರಗಳಿರುವುದೇ ನೀರಿನ ಸೆಲೆಯಿಂದ. ಇಂಥ ಜಾಗಗಳಲ್ಲಿ ನೀರು ಅಪರೂಪಕ್ಕೆ ಚೆಲ್ಲಿದ್ದಲ್ಲ, ಅದೇ ನಿತ್ಯದ ಸ್ಥಿತಿ. ಆದ್ದರಿಂದ ನೀರು ಎಲ್ಲಿಂದ ಶುರುವಾಗಿ ಕಾಲಿನ ಜೊತೆ ಎಲ್ಲಿಯವರೆಗೆ ಹೋಗುತ್ತದೆ ಎಂದು ಒಂದು ದಿನ ನಿಂತು ನೋಡಿ ನಕ್ಷೆಯಲ್ಲಿ ಗುರುತಿಸಿ. ಒದ್ದೆ ಮುಗಿದು ಒಣ ನೆಲ ಶುರುವಾಗುವ ಗಡಿ, ಒರಟು ಕಲ್ಲು ಮುಗಿದು ನುಣುಪು ಕಲ್ಲು ಶುರುವಾಗುವ ಗಡಿ, ಪಾವಟಿಗೆಯ ಅಂಚು, ಕಾಲು ತೊಳೆಯುವ ನಲ್ಲಿಯ ಸುತ್ತ, ಜನ ತಿರುಗುವ ಮೂಲೆ: ಇಲ್ಲೆಲ್ಲ ಅಳೆಯಿರಿ. ತಿರುಗುವಾಗ ಕಾಲು ಪಕ್ಕಕ್ಕೂ ಒತ್ತುವುದರಿಂದ ನೇರ ನಡಿಗೆಗಿಂತ ಹೆಚ್ಚು ಹಿಡಿತ ಬೇಕು. ಹೋಲಿಕೆಗೆ ಯಾರೂ ತುಳಿಯದ ಒಂದು ಕಲ್ಲನ್ನೂ ಅಳೆದಿಡಿ.

ತೊಗರಿ ಬೇಳೆ ಮಿಲ್ಲುಗಳವರು ಇಲ್ಲಿದ್ದೀರಿ, ನಿಮ್ಮ ನೆಲದ ವಿಷಯ ಬೇರೆ. ಸಿಪ್ಪೆ ಬಿಡಿಸಲು ಕಾಳಿಗೆ ಎಣ್ಣೆ ಹಚ್ಚುತ್ತೀರಿ, ನೀರು ಚಿಮುಕಿಸುತ್ತೀರಿ, ಗಾಳಿಯಲ್ಲೆಲ್ಲ ಚುನ್ನಿ (ಸಿಪ್ಪೆ, ನುಚ್ಚಿನ ಪುಡಿ) ಹಾರುತ್ತದೆ. ಎಣ್ಣೆಯ ಮೇಲೆ ಚುನ್ನಿ ಕೂತು ಗಟ್ಟಿ ಪದರವಾಗುತ್ತದೆ, ಅದರ ಮೇಲೆ ಚೆಲ್ಲಿದ ಕಾಳು ಗೋಲಿಯಂತೆ ಉರುಳುತ್ತದೆ. ಇಂಥಲ್ಲಿ ತೊಳೆದ ನೆಲದ ಅಂಕಿ ಅರ್ಧ ಸತ್ಯ. ಪಾಳಿ ಮುಗಿಯುವ ಹೊತ್ತಿಗೆ, ಗುಡಿಸುವ ಮುನ್ನ, ಎಣ್ಣೆ–ಚುನ್ನಿ ಇದ್ದಂತೆಯೇ ಬೀಸಿ ಅಳೆಯಿರಿ. ನಯವಾದ ಕೋಬಾ (ಕಾಂಕ್ರೀಟ್) ನೆಲವಿದ್ದರೆ ಗಡಸು ಕಣ ಬೆರೆಸಿದ ಎಪಾಕ್ಸಿ ಲೇಪ ಹಾಕಿಸಿ, ಎಣ್ಣೆ ಹಚ್ಚುವ ಯಂತ್ರದ ಕೆಳಗೆ ತಟ್ಟೆ ಇಡಿ. ನೆಲದ ಮೇಲೆ ಕಾಲು ಜಾರಿಸುವ ವಸ್ತು ಇರಬಾರದು ಎಂದು 1948ರ ಕಾರ್ಖಾನೆ ಕಾಯ್ದೆಯ 32ನೇ ಕಲಮೇ ಹೇಳಿತ್ತು. ಇದು ಹೊಸ ಬೇಡಿಕೆಯೇನಲ್ಲ.

ಒಳ್ಳೆಯ ನೆಲವನ್ನು ಹಾಳು ಮಾಡುವುದರಲ್ಲಿ ಒರೆಸುವ ಕ್ರಮದ ಪಾಲು ದೊಡ್ಡದು. ಒಂದೇ ಬಕೀಟು, ಅಳತೆಯಿಲ್ಲದೆ ಸುರಿದ ಫಿನೈಲು, ಹಿಂಡದ ಅರಿವೆ. ಹೀಗೆ ಒರೆಸಿದರೆ ಕೊಳೆ ಹೋಗುವುದಿಲ್ಲ, ತೆಳ್ಳಗೆ ಹರಡುತ್ತದೆ. ಫಿನೈಲಿನ ಎಣ್ಣೆ ಅಂಶ, ಸಾಬೂನಿನ ಜಿಡ್ಡು ಕಲ್ಲಿನ ತಗ್ಗುಗಳಲ್ಲಿ ಒಣಗಿ ಕೂತು, ಮುಂದೆ ನೀರು ಬಿದ್ದಾಗ ಮತ್ತೆ ಎದ್ದು ಬರುತ್ತದೆ. ಡಬ್ಬಿಯ ಮೇಲೆ ಬರೆದ ಪ್ರಮಾಣಕ್ಕೆ ಮಾತ್ರ ಬೆರೆಸಿ. ಒಂದು ಬಕೀಟು ಔಷಧದ ನೀರಿಗೆ, ಇನ್ನೊಂದು ಅರಿವೆ ಜಾಲಾಡಲು. ನೀರು ಮಬ್ಬಾದ ಕೂಡಲೇ ಚೆಲ್ಲಿ ಹೊಸದು ತುಂಬಿ. ಒರಟು ಕಲ್ಲಿಗೆ ಅರಿವೆ ಸಾಲದು, ಗಟ್ಟಿ ಬ್ರಷ್ಷಿನಿಂದ ತಿಕ್ಕಿ ವೈಪರ್‌ನಿಂದ ನೀರೆಳೆಯಿರಿ. ಪಡಸಾಲೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಅರ್ಧ ಒರೆಸಿ ಒಣಗಿದ ಮೇಲೆ ಇನ್ನರ್ಧ. ಒಳಗೆ ಬರುವವರಿಗೆ ಒಣ ದಾರಿ ಯಾವಾಗಲೂ ಇರಬೇಕು. ತೊಳೆಯುವ ಮುನ್ನ ಮತ್ತು ಒಳ್ಳೆಯ ನೀರಿನಿಂದ ತಿಕ್ಕಿ ತೊಳೆದ ನಂತರ ಪೆಂಡುಲಂ ಬೀಸಿ ನೋಡಿ. ಅಂಕಿ ಚೆನ್ನಾಗಿ ಏರಿದರೆ ತಪ್ಪು ಕಲ್ಲಿನದಲ್ಲ, ಒರೆಸುವುದರದು. ಕಲ್ಲು ಕೀಳುವ ಖರ್ಚು ಉಳಿಯಿತು.

ಏರದಿದ್ದರೆ ಕಲ್ಲಿಗೇ ಕೈ ಹಾಕಬೇಕು. ಕೆಲವರು ಪಾಯಿಖಾನೆ ತೊಳೆಯುವ ಆಸಿಡ್ ಸುರಿಯುತ್ತಾರೆ. ಫರಸಿ ಸುಣ್ಣದಕಲ್ಲು, ಆಸಿಡ್ ಬಿದ್ದ ಕೂಡಲೇ ನೊರೆಯೆದ್ದು ಕರಗುತ್ತದೆ. ನಾಲ್ಕು ದಿನ ಒರಟೆನಿಸುವುದು ನಿಜ. ಆಮೇಲೆ ಕಲ್ಲು ಬಣ್ಣಗೆಟ್ಟು, ಅಡ್ಡಾದಿಡ್ಡಿ ತಗ್ಗುಬಿದ್ದು, ಸಂದಿನ ಸಿಮೆಂಟೂ ತಿಂದುಹೋಗಿ, ಕೊಳೆ ಹಿಡಿದು ಮೊದಲಿಗಿಂತ ಹೆಚ್ಚು ಜಾರುತ್ತದೆ. ಫರಸಿಗೆ ಸರಿಯಾದದ್ದು ಉಳಿ ಹೊಡೆಸುವುದು, ಮೊನಚು ಹಲ್ಲುಗಳಿಂದ ಕಲ್ಲು ಕುಟ್ಟುವ ಬುಷ್ ಹ್ಯಾಮರ್ ಯಂತ್ರ, ಇಲ್ಲವೇ ಮರಳು ಸಿಡಿಸುವುದು. ಇಲ್ಲಿನ ಗವಂಡಿಗಳಿಗೆ ಉಳಿ ಕೆಲಸ ಹೊಸದಲ್ಲ. ಒಂದು ಮೀಟರ್ ಜಾಗದಲ್ಲಿ ಮೊದಲು ಮಾಡಿಸಿ, ಅಳೆದು, 36 ದಾಟಿದ ಮೇಲೆ ಉಳಿದದ್ದಕ್ಕೆ ಹೇಳಿ. ಕಲ್ಲು ಕಡಿಯುವಾಗ ನೀರು ಹಾಕುತ್ತಾ ಕೆಲಸ ಮಾಡಿಸಿ, ಮೂಗಿಗೆ ಸರಿಯಾದ ಮಾಸ್ಕ್ ಕೊಡಿ, ಆ ದೂಳು ಕೆಲಸಗಾರರ ಪುಪ್ಪುಸಕ್ಕೆ ಹೋಗಬಾರದು. ಬರಿಗಾಲಿನ ಜಾಗದಲ್ಲಿ ಉಳಿಗುರುತು ತೀರ ಚೂಪಾಗದಂತೆ ನೋಡಿಕೊಳ್ಳಿ, ಹಿರಿಯರ ಪಾದ ಬಿರಿಯುತ್ತದೆ. ಅಂಟಿಸುವ ಮರಳು ಪಟ್ಟಿ ಪಾವಟಿಗೆಯ ಅಂಚಿಗೆ ತಾತ್ಕಾಲಿಕವಾಗಿ ಆದೀತು. ಕಲ್ಲಿನ ದೂಳು ತೆಗೆಯದೆ ಅಂಟಿಸಿದರೆ ಮೂಲೆ ಎದ್ದು, ಜಾರುವುದನ್ನು ತಪ್ಪಿಸಲು ಹಾಕಿದ್ದೇ ಎಡವಿ ಬೀಳಿಸುತ್ತದೆ.

ಟೆಂಡರ್ ಬರೆಯುವವರಿಗೆ ಒಂದು ಮಾತು. ‘ಆಂಟಿ-ಸ್ಕಿಡ್ ನೆಲಹಾಸು’ ಎಂಬ ಪದ ತೆಗೆದುಹಾಕಿ. ಅದರ ಜಾಗದಲ್ಲಿ ಹೀಗೆ ಬರೆಯಿರಿ: ‘ಹಾಸಿ, ಉಜ್ಜಿ, ತೊಳೆದು ಮುಗಿಸಿದ ನೆಲದ ಮೇಲೆ, ನೀರು ಹಾಕಿ, ಸ್ಲೈಡರ್ 96ರಿಂದ, ಮೂರೂ ದಿಕ್ಕಿನಲ್ಲಿ ಕನಿಷ್ಠ 36 ಪಿಟಿವಿ, ಬರಿಗಾಲಿನ ಜಾಗದಲ್ಲಿ ಸ್ಲೈಡರ್ 55ರಿಂದ ಕನಿಷ್ಠ 36, ಇಳಿಜಾರು 1:12 ಇರುವಲ್ಲಿ ಕನಿಷ್ಠ 44.’ ‘ಹಾಸಿ ಮುಗಿಸಿದ’ ಎಂಬ ಮಾತು ಬಿಡಬೇಡಿ. ಮಾದರಿ ಕಲ್ಲು ಪಾಸಾಗಿ, ಹಾಸಿದ ಮೇಲೆ ಗುತ್ತಿಗೆದಾರ ಹೊಳಪಿಗೆಂದು ಯಂತ್ರ ಓಡಿಸಿದರೆ ಅಂಕಿ ನೆಲಕಚ್ಚುತ್ತದೆ.

ಇನ್ನು ಸಭಿಕರ ಪ್ರಶ್ನೆಗಳು.

ಗ್ರಾನೈಟಿಗೆ ಬೆಂಕಿ ಹಾಯಿಸಿ ಒರಟು ಮಾಡುತ್ತಾರಲ್ಲ, ಫರಸಿಗೂ ಮಾಡಬಹುದೇ ಎಂದು ಒಬ್ಬರು ಕೇಳಿದರು. ಬೇಡ. ಗ್ರಾನೈಟಿನಲ್ಲಿ ಕ್ವಾರ್ಟ್ಜ್ ಹರಳು ಕಾವಿಗೆ ಹಿಗ್ಗಿ ಸಿಡಿದು ಒರಟಾದ ಮೈ ಬಿಡುತ್ತದೆ. ಸುಣ್ಣದಕಲ್ಲು ಹಾಗೆ ಸಿಡಿಯುವುದಿಲ್ಲ, ಕಾವು ಹೆಚ್ಚಾದರೆ ಸುಟ್ಟು ಸುಣ್ಣವಾಗುತ್ತದೆ, ಪದರ ಬಿಡುತ್ತದೆ.

ಯಂತ್ರ ತರಿಸುವ ಶಕ್ತಿ ಇಲ್ಲದ ಸಣ್ಣ ಮನೆಯವರು ಏನು ಮಾಡಬೇಕು ಎಂಬುದು ಇನ್ನೊಂದು ಪ್ರಶ್ನೆ. ಅಂಗಡಿಯಲ್ಲೇ ಟೈಲಿನ ಮೇಲೆ ಸಾಬೂನು ನೀರು ಹಾಕಿಸಿ, ಪಕ್ಕದಲ್ಲಿ ಗಾಜಿನ ತುಂಡು ಇಟ್ಟು ಅದಕ್ಕೂ ಹಾಕಿ, ಗಟ್ಟಿ ಅಟ್ಟೆಯ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹಿಮ್ಮಡಿಯ ಅಂಚಿನಿಂದ ಎರಡನ್ನೂ ಜೋರಾಗಿ ಬೀಸಿ ಸವರಿ. ಟೈಲು ಗಾಜಿನಂತೆಯೇ ಜಾರಿದರೆ ಆ ಟೈಲು ಬಚ್ಚಲಿಗೆ ಬೇಡ. ಈ ಪರೀಕ್ಷೆ ಕೆಟ್ಟದ್ದನ್ನು ಹಿಡಿದುಕೊಡುತ್ತದೆ, ಒಳ್ಳೆಯದಕ್ಕೆ ಪ್ರಮಾಣಪತ್ರ ಕೊಡುವುದಿಲ್ಲ. ಟೈಲಿನ ದರ್ಜೆ ಪೆಟ್ಟಿಗೆಯ ಮೇಲೆ ಬಿ ಅಥವಾ ಸಿ ಇದೆಯೇ ಎಂದೂ ನೋಡಿ. ಬಚ್ಚಲಿನ ಇಳಿಜಾರು ನೀರು ನಿಲ್ಲದಂತೆ ಮೋರಿಯ ಕಡೆಗೆ ಇರಲಿ, ಗೋಡೆಗೆ ಹಿಡಿಕೆ ಹಾಕಿಸಿ, ರಾತ್ರಿ ಅಲ್ಲಿಗೆ ಹೋಗುವ ದಾರಿಯಲ್ಲಿ ಬೆಳಕು ಇರಲಿ.

ಒಮ್ಮೆ 36 ದಾಟಿದ ನೆಲವನ್ನು ಮತ್ತೆ ಯಾವಾಗ ಅಳೆಯಬೇಕು ಎಂದೂ ಕೇಳಿದರು. ಹೊಸ ನೆಲವನ್ನು ಹಾಸಿದ ಕೂಡಲೇ ಒಮ್ಮೆ, ಜನ ಓಡಾಡಲು ಶುರುವಾದ ಮೂರು ತಿಂಗಳಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಜಾತ್ರೆ, ಉರುಸು ನಡೆಯುವ ಜಾಗಗಳಲ್ಲಿ ಅದಕ್ಕೆ ಒಂದು ತಿಂಗಳ ಮುಂಚೆ ಅಳೆದರೆ ಕೆಟ್ಟು ಬಂದ ಕಲ್ಲುಗಳಿಗೆ ಉಳಿ ಹೊಡೆಸಲು ಸಮಯ ಸಿಗುತ್ತದೆ. ಒರೆಸುವ ಔಷಧ ಬದಲಿಸಿದಾಗ, ಮೇಲೆ ಯಾವುದಾದರೂ ಲೇಪ ಹಚ್ಚಿದಾಗ, ಯಾರಾದರೂ ಜಾರಿ ಬಿದ್ದಾಗ ಅವಧಿ ನೋಡದೆ ಅಳೆಯಿರಿ. ಬಿದ್ದ ಸಂದರ್ಭದಲ್ಲಿ ಮೊದಲು ಗಾಯಾಳುವನ್ನು ನೋಡಿಕೊಳ್ಳಿ, ನಂತರ ಆ ಜಾಗಕ್ಕೆ ಅಡ್ಡ ಕಟ್ಟಿ, ಒರೆಸುವ ಮುನ್ನವೇ ನೆಲದ ಮೇಲೆ ಏನಿತ್ತು, ಕಾಲಲ್ಲಿ ಯಾವ ಚಪ್ಪಲಿ ಇತ್ತು, ಬೆಳಕು ಹೇಗಿತ್ತು ಎಂದು ಬರೆದಿಟ್ಟು, ಇದ್ದಂತೆಯೇ ಬೀಸಿ ಅಂಕಿ ತೆಗೆಯಿರಿ.